ಟ್ರಾಲಿಗೆ ತಕ್ಕ ಟ್ರಾಕ್ಟರು

ಸುಗ್ಗಿ ಹತ್ತಿರ ಬಂದಂತೆ ನಮ್ಮ ಸೀಮೆಯಲ್ಲಿ ಹಳೆಯ ಟ್ರಾಲಿಗಳಿಗೆ ಬಣ್ಣ ಹಚ್ಚುವ ಕೆಲಸ ಮೊದಲಾಗುತ್ತದೆ. ನಾರಾಯಣಪೇಟೆ, ಮಖ್ತಲ್ ಕಡೆಯ ಹತ್ತಿ, ತೊಗರಿ, ಜೂರಾಲ ಕಾಲುವೆಯ ಕೆಳಗಿನ ನೆಲ್ಲು, ಗದ್ವಾಲ ಕಡೆಯ ಶೇಂಗಾ, ಎಲ್ಲವೂ ಹೊಲದಿಂದ ಕಣಕ್ಕೆ, ಕಣದಿಂದ ಪೇಟೆಗೆ ಹೋಗಬೇಕು. ಕೃಷ್ಣಾ ನದಿಯ ಸೇತುವೆ ದಾಟಿ ರಾಯಚೂರಿನ ಮಾರುಕಟ್ಟೆಗೆ ಮಾಲು ಒಯ್ಯುವವರೂ ಉಂಟು. ಎರಡು ಗಾಲಿಯ ಒಂದು ಸಣ್ಣ ಟ್ರಾಲಿ ಇದ್ದರೆ ನಾಲ್ಕೈದು ಎಕರೆಯ ಒಕ್ಕಲಿಗನಿಗೆ ದೊಡ್ಡ ಅನುಕೂಲ. ಆದುದರಿಂದ ಅನೇಕರು ಮೊದಲು ಟ್ರಾಲಿಯನ್ನು ಕೊಳ್ಳುತ್ತಾರೆ. ಆಮೇಲೆ ‘ಇದನ್ನು ಎಳೆಯಲಿಕ್ಕೆ ಏನು ಕಟ್ಟೋಣ?’ ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಊರಿನ ಕಟ್ಟೆಯ ಮೇಲೆ ಸಿಗುವ ಉತ್ತರ ಒಂದೇ: ‘ಎಚ್.ಪಿ. ಹೆಚ್ಚು ಇದ್ದದ್ದು ತಗೋ, ಎಳಿತದ.’ ಈ ಉತ್ತರ ಅರ್ಧ ಮಾತ್ರ ಸರಿ. ಎಳೆಯುವುದು ಒಂದು ಕೆಲಸ, ನಿಲ್ಲಿಸುವುದು ಇನ್ನೊಂದು ಕೆಲಸ. ಹೆಚ್ಚಿನ ಅಪಘಾತಗಳು ಟ್ರಾಕ್ಟರಿಗೆ ಎಳೆಯಲು ಆಗದೆ ಹೋದುದರಿಂದ ಆಗುವುದಿಲ್ಲ. ನಿಲ್ಲಿಸಲು ಆಗದೆ, ಇಲ್ಲವೆ ತಿರುಗಿಸಲು ಆಗದೆ ಆಗುತ್ತವೆ. ಆದ್ದರಿಂದ ಈ ವಾರದ ಪಾಠದಲ್ಲಿ ನಾವು ಎರಡು ಕೆಲಸಗಳ ಲೆಕ್ಕವನ್ನೂ ಕ್ರಮವಾಗಿ ಮಾಡಿ ನೋಡೋಣ. ಲೆಕ್ಕ ಐದನೆಯ ಇಯತ್ತೆಯ ಗುಣಾಕಾರ ಭಾಗಾಕಾರಕ್ಕಿಂತ ಹೆಚ್ಚಿನದಲ್ಲ. ಮನೆಯಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲಿ ಪಾಟಿ ಕೊಟ್ಟು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ.

ಮೊದಲನೆಯ ಮಾತು: ತೂಕ ತಿಳಿಯಿರಿ

ಟ್ರಾಲಿಯ ತೂಕ ಎಂದರೆ ಅದರಲ್ಲಿ ಹಾಕಿದ ಮಾಲಿನ ತೂಕವಷ್ಟೇ ಅಲ್ಲ. ಖಾಲಿ ಟ್ರಾಲಿಯ ಕಬ್ಬಿಣ, ಗಾಲಿ, ಅಚ್ಚು ಎಲ್ಲವೂ ಸೇರಬೇಕು. ಇದನ್ನು ಅಂದಾಜಿಗೆ ಬಿಡಬಾರದು. ಪೇಟೆಗೆ ಹೋದಾಗ ತೂಕದ ಕಾಟಾದ ಮೇಲೆ ಒಮ್ಮೆ ಖಾಲಿ ಟ್ರಾಲಿಯನ್ನು, ಒಮ್ಮೆ ಬರಿಯ ಟ್ರಾಕ್ಟರನ್ನು ಬೇರೆ ಬೇರೆಯಾಗಿ ತೂಗಿಸಿ, ಎರಡು ಅಂಕಿಗಳನ್ನೂ ಟ್ರಾಲಿಯ ಮುಂದಿನ ಹಲಗೆಯ ಮೇಲೆ ಬಣ್ಣದಿಂದ ಬರೆಯಿಸಿರಿ. ಒಮ್ಮೆ ಮಾಡಿದರೆ ಟ್ರಾಲಿ ಇರುವವರೆಗೆ ಉಪಯೋಗಕ್ಕೆ ಬರುತ್ತದೆ.

ಈ ಪಾಠಕ್ಕೆ ನಾವು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಖಾಲಿ ಟ್ರಾಲಿ 1,200 ಕಿಲೋ. ಅದರಲ್ಲಿ 75 ಕಿಲೋದ 40 ಚೀಲ ನೆಲ್ಲು, ಅಂದರೆ 3,000 ಕಿಲೋ. ಒಟ್ಟು 4,200 ಕಿಲೋ. ಎಳೆಯುವ ಟ್ರಾಕ್ಟರು 40 ಅಶ್ವಶಕ್ತಿಯ ಆಸುಪಾಸಿನದು, ತೂಕ 2,000 ಕಿಲೋ. ನಿಮ್ಮ ಟ್ರಾಲಿ, ನಿಮ್ಮ ಟ್ರಾಕ್ಟರಿನ ಅಂಕಿ ಬೇರೆ ಇದ್ದರೆ ಆ ಅಂಕಿಗಳನ್ನೇ ಹಾಕಿ ಲೆಕ್ಕ ಮಾಡಿರಿ.

ಎರಡನೆಯ ಮಾತು: ದಾರಿ ಎಷ್ಟು ತಡೆಯುತ್ತದೆ?

ಗಾಲಿ ಉರುಳುವಾಗ ನೆಲವು ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಗಟ್ಟಿ ನೆಲದಲ್ಲಿ ಈ ತಡೆ ಕಡಿಮೆ, ಮೆತ್ತಗಿನ ನೆಲದಲ್ಲಿ ಹೆಚ್ಚು. ಒಳ್ಳೆಯ ಡಾಂಬರು ದಾರಿಯಲ್ಲಿ ಅದು ಒಟ್ಟು ತೂಕದ ನೂರಕ್ಕೆ ಸುಮಾರು 2 ಪಾಲು. ಗಟ್ಟಿಯಾದ ಮಣ್ಣಿನ ಬಂಡಿದಾರಿಯಲ್ಲಿ ನೂರಕ್ಕೆ 5. ಉತ್ತ ಹೊಲದಲ್ಲಿ ನೂರಕ್ಕೆ 15. ಮಳೆ ಬಿದ್ದ ಎರೆ ಹೊಲದಲ್ಲಿ 20, ಕೆಲವೆಡೆ ಅದಕ್ಕೂ ಹೆಚ್ಚು.

ಈಗ ನಮ್ಮ 4,200 ಕಿಲೋದ ಟ್ರಾಲಿಯನ್ನು ಸಪಾಟು ನೆಲದ ಮೇಲೆ ಎಳೆಯೋಣ. ಡಾಂಬರಿನಲ್ಲಿ 84 ಕಿಲೋ ಎಳೆತ ಸಾಕು. ಬಂಡಿದಾರಿಯಲ್ಲಿ 210 ಕಿಲೋ. ಉತ್ತ ಹೊಲದಲ್ಲಿ 630 ಕಿಲೋ. ಹಸಿ ಎರೆಯಲ್ಲಿ 840 ಕಿಲೋ. ಅದೇ ಟ್ರಾಲಿ, ಅದೇ ಚೀಲಗಳು. ಆದರೆ ಡಾಂಬರಿಗಿಂತ ಹಸಿ ಎರೆಯಲ್ಲಿ ಹತ್ತು ಪಟ್ಟು ಎಳೆತ ಬೇಕಾಯಿತು. ‘ರಸ್ತೆ ಮ್ಯಾಲ ಹೂ ಎಳೆದ್ಹಾಂಗ ಎಳಿತು’ ಎಂದು ನೆರೆಯವನು ಹೊಗಳಿದ ಟ್ರಾಕ್ಟರು ನಿಮ್ಮ ಹೊಲದಲ್ಲಿ ಏಕೆ ಹೂತು ನಿಲ್ಲುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಏರು. 10 ಅಡಿ ಮುಂದೆ ಹೋಗುವಾಗ 1 ಅಡಿ ಮೇಲೇರುವ ದಾರಿಗೆ ‘ಹತ್ತಕ್ಕೆ ಒಂದರ ಏರು’ ಎನ್ನುತ್ತಾರೆ. ಇಂಥ ಏರಿನಲ್ಲಿ ಒಟ್ಟು ತೂಕದ ಹತ್ತನೆಯ ಒಂದು ಪಾಲು ಎಳೆತ ಹೆಚ್ಚಿಗೆ ಬೇಕು. ನಮ್ಮ ಸೀಮೆ ಸಪಾಟು, ಇಲ್ಲಿ ಘಾಟು ಎಲ್ಲಿದೆ ಎಂದು ನೀವು ಕೇಳಬಹುದು. ಘಾಟು ಇಲ್ಲ ನಿಜ. ಆದರೆ ಹಳ್ಳಕ್ಕೆ ಇಳಿಯುವ ದಾರಿ, ಕೆರೆಯ ಏರಿ ಹತ್ತುವ ದಾರಿ, ಕಾಲುವೆಯ ಕಟ್ಟೆ, ಹೊಲದಿಂದ ಹೆದ್ದಾರಿಗೆ ಏರುವ ದಿಬ್ಬ, ಇವು ಎಷ್ಟೋ ಕಡೆ ಹತ್ತಕ್ಕೆ ಒಂದರಷ್ಟು ಕಡಿದಾಗಿರುತ್ತವೆ. ಉದ್ದ ಇಪ್ಪತ್ತೇ ಮಾರು ಇದ್ದರೂ ಅಪಾಯಕ್ಕೆ ಅಷ್ಟೇ ಸಾಕು.

ಏರನ್ನು ಅಳೆಯುವುದು ಸುಲಭ. 10 ಅಡಿಯ ನೆಟ್ಟಗಿನ ಬಿದಿರು ಗಳವನ್ನು ಇಳಿಜಾರಿನ ಮೇಲೆ ಇಡಿರಿ. ಮೇಲಿನ ತುದಿ ನೆಲಕ್ಕೆ ತಾಗಿರಲಿ. ಕೆಳಗಿನ ತುದಿಯನ್ನು ಎತ್ತುತ್ತ ಗಳವನ್ನು ಮಟ್ಟಕ್ಕೆ ತನ್ನಿರಿ. ಗಳದ ಮೇಲೆ ಗೌಂಡಿಯ ಮಟ್ಟಗೋಲು ಇಟ್ಟರೆ ಮಟ್ಟ ತಿಳಿಯುತ್ತದೆ. ಈಗ ಎತ್ತಿದ ತುದಿಯಿಂದ ನೆಲದವರೆಗೆ ಎಷ್ಟು ಅಡಿ ಇದೆಯೋ ಅದೇ ಹತ್ತು ಅಡಿಗೆ ಆದ ಇಳುಕಲು. ನಿಮ್ಮ ಹೊಲದ ದಾರಿಯಲ್ಲಿರುವ ಅತಿ ಕಡಿದಾದ ಜಾಗವನ್ನು ಹೀಗೆ ಅಳೆದಿಟ್ಟುಕೊಳ್ಳಿರಿ. ಟ್ರಾಕ್ಟರನ್ನು ಆರಿಸಬೇಕಾದುದು ಆ ಜಾಗವನ್ನು ನೋಡಿ. ಊರ ಮುಂದಿನ ಡಾಂಬರನ್ನು ನೋಡಿ ಅಲ್ಲ.

ಮೂರನೆಯ ಮಾತು: ಅಶ್ವಶಕ್ತಿ ಮತ್ತು ಹಿಡಿತ

ಒಂದು ಅಶ್ವಶಕ್ತಿ ಎಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿಗೆ ಒಂದು ಮೀಟರು ಎತ್ತುವ ಶಕ್ತಿ. ಈಗ ಮಣ್ಣಿನ ದಾರಿಯಲ್ಲಿ ಹತ್ತಕ್ಕೆ ಒಂದರ ಏರನ್ನು ಹತ್ತೋಣ. ಟ್ರಾಲಿಗೆ ದಾರಿಯ ತಡೆ 210 ಕಿಲೋ, ಏರಿನದು 420, ಕೂಡಿ 630. ಟ್ರಾಕ್ಟರು ತನ್ನನ್ನೂ ತಾನು ಹತ್ತಿಸಿಕೊಳ್ಳಬೇಕಲ್ಲವೆ? ಅದರ 2,000 ಕಿಲೋಗೆ ತಡೆ 100, ಏರು 200, ಕೂಡಿ 300. ಒಟ್ಟು 930 ಕಿಲೋ. ಗಂಟೆಗೆ 5 ಕಿಲೋಮೀಟರಿನಂತೆ, ಅಂದರೆ ಸೆಕೆಂಡಿಗೆ ಸುಮಾರು 1.4 ಮೀಟರಿನಂತೆ ಹೋದರೆ ಗಾಲಿಯ ಬಳಿ 17 ಅಶ್ವಶಕ್ತಿ ಸಾಕು. ಗೇರು, ಗಾಲಿಗಳಲ್ಲಿ ಕಾಲು ಪಾಲು ಕಳೆದುಹೋಗುತ್ತದೆಂದು ಹಿಡಿದರೂ ಇಂಜಿನಿನಲ್ಲಿ 23-24 ಅಶ್ವಶಕ್ತಿ ಇದ್ದರೆ ಆಯಿತು.

ಹಾಗಾದರೆ 40 ಅಶ್ವಶಕ್ತಿಯ ಟ್ರಾಕ್ಟರು ಆಟವಾಡುತ್ತ ಹತ್ತಬೇಕಲ್ಲ? ಕೆಲವು ಸಲ ಹತ್ತುವುದಿಲ್ಲ. ಕಾರಣ ಇಂಜಿನಿನಲ್ಲಿಲ್ಲ, ನೆಲದಲ್ಲಿದೆ. ಇಂಜಿನು ಎಷ್ಟು ಬಲ ಕೊಟ್ಟರೂ ಹಿಂದಿನ ಗಾಲಿ ನೆಲವನ್ನು ಹಿಡಿದಷ್ಟೇ ಎಳೆತ ಹುಟ್ಟುವುದು. ಎತ್ತಿಗೆ ಗೊರಸು ಹೇಗೋ ಟ್ರಾಕ್ಟರಿಗೆ ಹಿಂದಿನ ಟೈರು ಹಾಗೆ. 2,000 ಕಿಲೋದ ಟ್ರಾಕ್ಟರಿನಲ್ಲಿ ಸುಮಾರು 1,300 ಕಿಲೋ ಹಿಂದಿನ ಗಾಲಿಗಳ ಮೇಲಿರುತ್ತದೆ. ಎರಡು ಗಾಲಿಯ ಟ್ರಾಲಿಯನ್ನು ಸರಿಯಾಗಿ ತುಂಬಿದ್ದರೆ ಕೊಕ್ಕೆಯ ಮೇಲೆ ಇನ್ನು 400 ಕಿಲೋ ಬೀಳುತ್ತದೆ. ಒಟ್ಟು 1,700. ಒಣಗಿದ ಗಟ್ಟಿ ನೆಲದಲ್ಲಿ ಇದರ ನೂರಕ್ಕೆ 60 ಪಾಲು, ಅಂದರೆ 1,020 ಕಿಲೋ ಹಿಡಿತ ಸಿಗುತ್ತದೆ. ಸಡಿಲ ಮೊರಂನಲ್ಲಿ ನೂರಕ್ಕೆ 50, ಅಂದರೆ 850. ಹಸಿ ಎರೆಯಲ್ಲಿ ನೂರಕ್ಕೆ 30 ಸಿಕ್ಕರೆ ಪುಣ್ಯ, ಅಂದರೆ 510.

ನಮಗೆ ಬೇಕಾದದ್ದು 930. ಗಟ್ಟಿ ನೆಲದಲ್ಲಿ ಹೇಗೋ ಹತ್ತಿತು. ಸಡಿಲ ಮೊರಂನಲ್ಲಿ ಗಾಲಿ ತಿರುಗಿ ನಿಂತಿತು. ಹಸಿ ಎರೆಯಲ್ಲಿ ಏರಿನ ಮಾತಿರಲಿ, ಸಪಾಟು ಹೊಲದಲ್ಲೇ 840 ಬೇಕಾದಲ್ಲಿ 510 ಮಾತ್ರ ಇದೆ. ಇಲ್ಲಿ 60 ಅಶ್ವಶಕ್ತಿಯ ಇಂಜಿನು ಕೂಡಿಸಿದರೂ ಗಾಲಿ ಇನ್ನಷ್ಟು ಜೋರಾಗಿ ತಿರುಗಿ ಇನ್ನಷ್ಟು ಆಳಕ್ಕೆ ಇಳಿಯುವುದೇ ಹೊರತು ಟ್ರಾಲಿ ಮುಂದೆ ಬರುವುದಿಲ್ಲ. ಮಳೆ ಬಿದ್ದ ಎರೆ ಹೊಲಕ್ಕೆ ತುಂಬಿದ ಟ್ರಾಲಿಯನ್ನು ಇಳಿಸಲೇಬಾರದು. ಎರಡು ದಿನ ಕಾಯಿರಿ, ಇಲ್ಲವೆ ದಾರಿಯ ದಂಡೆಗೆ ಟ್ರಾಲಿ ನಿಲ್ಲಿಸಿ ಎತ್ತಿನ ಬಂಡಿಯಿಂದ ಸ್ವಲ್ಪ ಸ್ವಲ್ಪವಾಗಿ ತಂದು ತುಂಬಿರಿ.

ಹಿಂದಿನ ಟೈರುಗಳಲ್ಲಿ ನೀರು ತುಂಬಿಸುವುದು, ಗಾಲಿಗೆ ಬೀಡಿನ ತೂಕ ಕೂಡಿಸುವುದು ಹಿಡಿತವನ್ನು ಹೆಚ್ಚಿಸುವ ಒಳ್ಳೆಯ ಉಪಾಯ. ಒಂದೊಂದು ಟೈರಿಗೆ ನೂರೈವತ್ತು, ಇನ್ನೂರು ಲೀಟರಿನವರೆಗೆ ನೀರು ಹಿಡಿಯುತ್ತದೆ. ಎಷ್ಟು ತುಂಬಬೇಕೆಂಬುದು ಟ್ರಾಕ್ಟರಿನ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬಾರದು.

ಟ್ರಾಕ್ಟರು ಕೊಳ್ಳುವಾಗ ಅಂಗಡಿಯವರು ಅಶ್ವಶಕ್ತಿಯನ್ನೇ ಮುಂದಿಟ್ಟು ಮಾತಾಡುತ್ತಾರೆ. ನೀವು ಪರೀಕ್ಷಾ ವರದಿ ಕೇಳಿರಿ. ಮಧ್ಯಪ್ರದೇಶದ ಬುದನಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕೇಂದ್ರ ಸರಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರಾಕ್ಟರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ. ಅದರಲ್ಲಿ ಟ್ರಾಕ್ಟರಿನ ತೂಕ, ಕೊಕ್ಕೆಯಲ್ಲಿ ಸಿಗುವ ಎಳೆತ, ಬ್ರೇಕಿನ ಗುಣ ಎಲ್ಲವೂ ಇರುತ್ತವೆ. ದಕ್ಷಿಣ ಭಾಗಕ್ಕೆ ಇಂಥದೇ ಸಂಸ್ಥೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ. ಅಲ್ಲಿ ರೈತರಿಗೂ ರೈತರ ಮಕ್ಕಳಿಗೂ ಯಂತ್ರ ನಡೆಸುವ ತರಬೇತಿ ಕೊಡುತ್ತಾರೆ.

ನಾಲ್ಕನೆಯ ಮಾತು: ನಿಲ್ಲುವ ಲೆಕ್ಕ

ಇದು ಈ ಪಾಠದ ಮುಖ್ಯ ಭಾಗ. ನಮ್ಮ ಹಳ್ಳಿಗಳ ಬಹುತೇಕ ಟ್ರಾಲಿಗಳಿಗೆ ಬ್ರೇಕಿಲ್ಲ. ಟ್ರಾಕ್ಟರಿನ ಹಿಂದಿನ ಎರಡು ಗಾಲಿಗಳೇ ತನ್ನನ್ನೂ ಟ್ರಾಲಿಯನ್ನೂ ನಿಲ್ಲಿಸಬೇಕು. ಎಳೆಯುವಾಗ ಇದ್ದ ಹಿಡಿತವೇ ನಿಲ್ಲಿಸುವಾಗಲೂ ಇರುವುದು, ಅದಕ್ಕಿಂತ ಹೆಚ್ಚಿಲ್ಲ.

ನಮ್ಮ ಉದಾಹರಣೆಯಲ್ಲಿ ಹಿಡಿತ 850 ಕಿಲೋ ಎಂದುಕೊಳ್ಳೋಣ. ನಿಲ್ಲಿಸಬೇಕಾದ ಒಟ್ಟು ತೂಕ 6,200 ಕಿಲೋ. ಸಪಾಟು ದಾರಿಯಲ್ಲಿ ಗಂಟೆಗೆ 20 ಕಿಲೋಮೀಟರಿನಲ್ಲಿ ಹೋಗುವಾಗ ಬ್ರೇಕು ಒತ್ತಿದರೆ ಸುಮಾರು 11-12 ಮೀಟರು ಮುಂದೆ ಹೋಗಿ ನಿಲ್ಲುತ್ತದೆ. 30 ಕಿಲೋಮೀಟರಿನಲ್ಲಿದ್ದರೆ 26 ಮೀಟರು. ಎದುರಿಗೆ ದನವೋ ಮಗುವೋ ಬಂದುದನ್ನು ಕಂಡು ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಇನ್ನೂ 5ರಿಂದ 8 ಮೀಟರು ದಾಟಿರುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುತ್ತದೆಂಬುದನ್ನು ಓದುಗರು ಬಾಯಿಪಾಠ ಮಾಡಿಕೊಳ್ಳಬೇಕು.

ಈಗ ಅದೇ ಟ್ರಾಲಿ ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 20 ಕಿಲೋಮೀಟರಿನಂತೆ ಇಳಿಯುತ್ತಿದೆ. 6,200 ಕಿಲೋದ ಹತ್ತನೆಯ ಒಂದು ಪಾಲು, ಅಂದರೆ 620 ಕಿಲೋ, ಕೆಳಕ್ಕೆ ನೂಕುತ್ತಿದೆ. 850ರಲ್ಲಿ 620 ಕಳೆದರೆ ನಿಲ್ಲಿಸಲು ಉಳಿದದ್ದು 230 ಮಾತ್ರ. ಆದುದರಿಂದ 11-12 ಮೀಟರಿನಲ್ಲಿ ನಿಲ್ಲುತ್ತಿದ್ದದ್ದು ಈಗ 40 ಮೀಟರಿಗೂ ಮೀರಿ ಹೋಗುತ್ತದೆ. ಇನ್ನು ಹೊಲದ ಮಣ್ಣು ಮೆತ್ತಿ, ಮೇಲೆ ಮಳೆ ಬಿದ್ದು ಜಾರುವ ಡಾಂಬರು ಎಂದಿಟ್ಟುಕೊಳ್ಳಿರಿ. ಹಿಡಿತ 510, ನೂಕುವುದು 620. ಇಲ್ಲಿ ಎಷ್ಟು ಗಟ್ಟಿಯಾಗಿ ಬ್ರೇಕು ಒತ್ತಿದರೂ ಗಾಡಿ ನಿಲ್ಲುವಂತಿಲ್ಲ. ಟ್ರಾಲಿ ಹಿಂದಿನಿಂದ ನೂಕಿ ಟ್ರಾಕ್ಟರನ್ನು ಅಡ್ಡ ತಿರುಗಿಸುತ್ತದೆ, ಮಡಚಿದ ಚಾಕುವಿನಂತೆ ಎರಡೂ ಕೂಡಿಕೊಳ್ಳುತ್ತವೆ. ಆಮೇಲೆ ಕಾಲುವೆಯೋ ಹಳ್ಳವೋ ಯಾವುದು ಪಕ್ಕದಲ್ಲಿದೆಯೋ ಅದರೊಳಗೆ ಬೀಳುತ್ತವೆ. ಚಾಲಕನ ಜಾಣತನ ಇಲ್ಲಿ ಕೆಲಸಕ್ಕೆ ಬರುವುದಿಲ್ಲ; ಹೊರಡುವ ಮೊದಲೇ ಚೀಲ ಎಣಿಸುವಾಗ ಬರಬೇಕಾದ ಜಾಣತನ ಅದು.

ಇದಕ್ಕಾಗಿ ಟ್ರಾಕ್ಟರು ತಯಾರಕರ ಕೈಪಿಡಿಗಳಲ್ಲಿ ಒಂದು ನಿಯಮ ಕಾಣುತ್ತದೆ. ಬ್ರೇಕಿಲ್ಲದ ಟ್ರಾಲಿಯ ತುಂಬಿದ ತೂಕ ಟ್ರಾಕ್ಟರಿನ ತೂಕದ ಒಂದೂವರೆ ಪಟ್ಟನ್ನು ಮೀರಬಾರದು. ಅದನ್ನು ಗಂಟೆಗೆ 32 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಎಳೆಯಬಾರದು. ನಮ್ಮ ದಾರಿಗಳಿಗೆ 20 ಕಿಲೋಮೀಟರೇ ಹೆಚ್ಚು ಎಂದು ನಾವು ಹೇಳುತ್ತೇವೆ. ಈ ನಿಯಮದ ಪ್ರಕಾರ ಲೆಕ್ಕ ಹೀಗಾಗುತ್ತದೆ:

1,000 ಕಿಲೋದ ಮಿನಿ ಟ್ರಾಕ್ಟರಿಗೆ ಒಟ್ಟು 1,500 ಕಿಲೋ. ಖಾಲಿ ಟ್ರಾಲಿ 600 ಕಿಲೋ ಇದ್ದರೆ ಮಾಲು 900 ಕಿಲೋ, ಅಂದರೆ 12 ಚೀಲ.

2,000 ಕಿಲೋದ ಟ್ರಾಕ್ಟರಿಗೆ ಒಟ್ಟು 3,000 ಕಿಲೋ. ಖಾಲಿ ಟ್ರಾಲಿ 1,200 ಇದ್ದರೆ ಮಾಲು 1,800, ಅಂದರೆ 24 ಚೀಲ.

2,400 ಕಿಲೋದ ಟ್ರಾಕ್ಟರಿಗೆ ಒಟ್ಟು 3,600 ಕಿಲೋ. ಅದೇ ಟ್ರಾಲಿಯಲ್ಲಿ ಮಾಲು 2,400, ಅಂದರೆ 32 ಚೀಲ.

ನಾವು ಉದಾಹರಣೆಗೆ ಇಟ್ಟುಕೊಂಡದ್ದು 40 ಚೀಲ. ಅದನ್ನು ಬ್ರೇಕಿಲ್ಲದೆ ಎಳೆಯಬೇಕಾದರೆ 2,800 ಕಿಲೋದ ಟ್ರಾಕ್ಟರು ಬೇಕು. ಅಂಥದು ನಮ್ಮ ಹಳ್ಳಿಗಳಲ್ಲಿ ಅಪರೂಪ. ಹಾಗಾದರೆ ದಾರಿ ಎರಡೇ. ಒಂದು, 24 ಚೀಲ ಹಾಕಿ ಎರಡು ಸಲ ಹೋಗುವುದು. ಎರಡು, ಟ್ರಾಲಿಗೇ ಬ್ರೇಕು ಕೂಡಿಸುವುದು. ಟ್ರಾಕ್ಟರಿನ ಎಣ್ಣೆಯ ಒತ್ತಡದಿಂದ ಇಲ್ಲವೆ ಗಾಳಿಯ ಒತ್ತಡದಿಂದ ನಡೆಯುವ ಟ್ರಾಲಿ ಬ್ರೇಕುಗಳು ಬರುತ್ತವೆ. ಹೊಸ ಟ್ರಾಲಿ ಮಾಡಿಸುವವರು ಹಲಗೆಯ ಮೇಲಿನ ಚಿತ್ರಕ್ಕೆ ಕೊಡುವ ಹಣವನ್ನು ಮೊದಲು ಇದಕ್ಕೆ ಕೊಡಲಿ. ಎರಡು ಸಲ ಹೋದರೆ ಡೀಸೆಲ್ ಖರ್ಚು ಹೆಚ್ಚಾಗುವುದು ನಿಜ. ಆದರೆ ಒಮ್ಮೆ ಉರುಳಿದರೆ ಆಗುವ ಖರ್ಚನ್ನು ಯಾವ ಬೆಳೆಯೂ ತುಂಬಿಕೊಡುವುದಿಲ್ಲ.

ಮಳೆಗಾಲದ ಜಾರುವ ಇಳಿಜಾರಿಗೆ 24 ಚೀಲವೂ ಹೆಚ್ಚೇ. ಅಲ್ಲಿ ಬ್ರೇಕಿಲ್ಲದ ಟ್ರಾಲಿಯನ್ನು ಖಾಲಿಯಾಗಿ ಮಾತ್ರ ಇಳಿಸತಕ್ಕದ್ದು.

ಐದನೆಯ ಮಾತು: ಯಾವುದು ಯಾರಿಗೆ?

ಜೋಡೆತ್ತು: 400 ಕಿಲೋ ತೂಕದ ಎರಡು ಎತ್ತುಗಳು ದಿನವೆಲ್ಲ ದಣಿಯದೆ ಎಳೆಯುವ ಬಲ ತಮ್ಮ ತೂಕದ ಹತ್ತನೆಯ ಒಂದು ಪಾಲು, ಅಂದರೆ ಜೋಡಿಗೆ 80 ಕಿಲೋ. ಬಂಡಿದಾರಿಯಲ್ಲಿ ಟೈರಿನ ಬಂಡಿಗೆ ಇದು ಬಂಡಿ ಸಹಿತ 1,600 ಕಿಲೋಗೆ ಸಮ. ಇಪ್ಪತ್ತಕ್ಕೆ ಒಂದರ ಏರು ಬಂದರೆ ಅರ್ಧಕ್ಕಿಳಿದು 800 ಆಗುತ್ತದೆ. ಎರಡು ಮೂರು ಎಕರೆಯವರಿಗೆ, ಹೊಲ ಊರಿಗೆ ಹತ್ತಿರವಿದ್ದವರಿಗೆ ಇಂದಿಗೂ ಇದು ಸಾಕು. ಎತ್ತುಗಳ ವಿಷಯದಲ್ಲಿ ಕಾಯಿದೆಯೂ ಇದೆ: 1965ರ ನಿಯಮಗಳ ಪ್ರಕಾರ ದಿನಕ್ಕೆ 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ಹೂಡಬಾರದು; ಬಿಸಿಲು 37 ಡಿಗ್ರಿ ದಾಟಿದ ದಿನ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ನಮ್ಮ ಸೀಮೆಯ ಬೇಸಿಗೆಯಲ್ಲಿ ಹೆಚ್ಚಿನ ದಿನಗಳು ಅಂಥವೇ.

ಪವರ್ ಟಿಲ್ಲರು: ಸಣ್ಣ ಗದ್ದೆಯವರಿಗೆ ಒಳ್ಳೆಯದು, ಒಂದು ಟನ್ನಿನ ಆಸುಪಾಸಿನ ಟ್ರಾಲಿಯನ್ನು ಎಳೆಯುತ್ತದೆ. ಆದರೆ ಒಂದು ಸಂಗತಿಯನ್ನು ಕಲಿಯದೆ ದಾರಿಗೆ ತರಬಾರದು. ಸಪಾಟಿನಲ್ಲಿ ಎಡಗಡೆಯ ಹಿಡಿ ಒತ್ತಿದರೆ ಎಡಕ್ಕೆ ತಿರುಗುವ ಯಂತ್ರ, ಇಳಿಜಾರಿನಲ್ಲಿ ಹಿಂದಿನ ಭಾರ ನೂಕುವಾಗ ಬಲಕ್ಕೆ ತಿರುಗುತ್ತದೆ. ಬಿಟ್ಟ ಗಾಲಿ ಇಂಜಿನಿನ ತಡೆ ತಪ್ಪಿ ಮುಂದೆ ಓಡುವುದೇ ಇದಕ್ಕೆ ಕಾರಣ.

ಮಿನಿ ಟ್ರಾಕ್ಟರು: 20-25 ಅಶ್ವಶಕ್ತಿಯದು. ಸಾಲುಗಳ ನಡುವೆ ಎಡೆ ಹೊಡೆಯಲು, ತೋಟಕ್ಕೆ ಅನುಕೂಲ. 12 ಚೀಲದ ಸಣ್ಣ ಟ್ರಾಲಿಯನ್ನೇ ಇದಕ್ಕೆ ಕಟ್ಟಬೇಕು. ದೊಡ್ಡ ಟ್ರಾಲಿಯನ್ನು ಕಟ್ಟಿದರೆ ಇಂಜಿನು ಎಳೆದೀತು, ತೂಕ ಸಾಲದೆ ಇಳಿಜಾರಿನಲ್ಲಿ ಟ್ರಾಲಿಯೇ ಯಜಮಾನನಾಗುತ್ತದೆ.

35ರಿಂದ 45 ಅಶ್ವಶಕ್ತಿಯ ಟ್ರಾಕ್ಟರು: ಎರೆ ಮತ್ತು ಕೆಂಪು ಭೂಮಿ ಎರಡೂ ಇರುವ ನಮ್ಮ ಸೀಮೆಯ ಒಕ್ಕಲುತನಕ್ಕೆ, 24 ಚೀಲದ ಟ್ರಾಲಿಗೆ ಇದು ತಕ್ಕದ್ದು. ಒಬ್ಬನ ನಾಲ್ಕೈದು ಎಕರೆಗೆ ಇದನ್ನು ಸಾಲ ಮಾಡಿ ಕೊಳ್ಳುವುದಕ್ಕಿಂತ ಅಣ್ಣತಮ್ಮಂದಿರು, ನೆರೆಹೊಲದವರು ಕೂಡಿ ಕೊಳ್ಳುವುದು ಅಥವಾ ಬಾಡಿಗೆಗೆ ತರುವುದು ಲೇಸು. ಬಾಡಿಗೆಗೆ ಕರೆಯುವಾಗ ‘ಎಷ್ಟು ಬಾಡಿಗೆ’ ಎನ್ನುವುದರ ಜೊತೆಗೆ ‘ಟ್ರಾಲಿಗೆ ಬ್ರೇಕು ಇದೆಯೆ’ ಎಂದೂ ಕೇಳಿರಿ.

ಜೀಪು, ಪಿಕಪ್ಪು: ಇವು ರಸ್ತೆಯ ವೇಗಕ್ಕೆ ಮಾಡಿದವು. ಟ್ರಾಕ್ಟರಿನ ಟ್ರಾಲಿ ಆ ವೇಗಕ್ಕೆ ಮಾಡಿದ್ದಲ್ಲ. ಒಂದರ ಹಿಂದೆ ಇನ್ನೊಂದನ್ನು ಕಟ್ಟಬಾರದು.

ಆರನೆಯ ಮಾತು: ಕಟ್ಟುವ ರೀತಿ

ಟ್ರಾಲಿಯನ್ನು ಟ್ರಾಕ್ಟರಿನ ಹಿಂದಿನ ಕೆಳಗಿನ ಕೊಕ್ಕೆಗೇ ಕಟ್ಟಬೇಕು. ಅಚ್ಚಿಗಾಗಲಿ, ನೇಗಿಲು ಕಟ್ಟುವ ಮೇಲಿನ ಲಿಂಕಿಗಾಗಲಿ ಸರಪಳಿ ಹಾಕಿ ಎಳೆಯಬಾರದು. ಎಳೆತದ ಜಾಗ ಅಚ್ಚಿಗಿಂತ ಮೇಲಾದರೆ ಮುಂದಿನ ಗಾಲಿಗಳು ಎದ್ದು ಟ್ರಾಕ್ಟರು ಹಿಂದಕ್ಕೆ ಮಗುಚುತ್ತದೆ. ಚಾಲಕ ಕೆಳಗಿಳಿಯಲು ಸಮಯವೇ ಇರುವುದಿಲ್ಲ.

ಪಿನ್ನು ದಪ್ಪವಾಗಿರಲಿ, ಕೆಳಗೆ ಅದಕ್ಕೆ ಕ್ಲಿಪ್ಪು ಇರಲಿ. ಮೊಳೆ, ಸಲಾಕಿ, ಮುರಿದ ಬೋಲ್ಟುಗಳನ್ನು ಪಿನ್ನಿನ ಬದಲು ಹಾಕಬಾರದು. ಪಿನ್ನು ಕಡಿದರೂ ಟ್ರಾಲಿ ಬೇರೆಯಾಗದಂತೆ ಒಂದು ಸರಪಳಿಯನ್ನು ಕೂಡಿಸಿರಿ.

ತುಂಬುವಾಗ ಭಾರ ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಇರಬೇಕು. ಒಟ್ಟು ತೂಕದ ಹತ್ತನೆಯ ಒಂದು ಪಾಲು ಕೊಕ್ಕೆಯ ಮೇಲೆ ಬಿದ್ದರೆ ಸರಿ. ಹಿಂದಕ್ಕೆ ಹೆಚ್ಚಾದರೆ ಟ್ರಾಲಿಯ ಮೂಕಿ ಮೇಲೆದ್ದು ಟ್ರಾಕ್ಟರಿನ ಹಿಂದಿನ ಗಾಲಿಯ ಹಿಡಿತವನ್ನೇ ಕಸಿದುಕೊಳ್ಳುತ್ತದೆ. ಮುಂದಕ್ಕೆ ಮಿತಿಮೀರಿದರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗು ತಿರುಗಿಸಿದತ್ತ ಹೋಗುವುದಿಲ್ಲ. ಹತ್ತಿಯಂಥ ಹಗುರ ಮಾಲಿನಲ್ಲಿ ಎತ್ತರವೇ ಅಪಾಯ. ತೂಕ ಕಡಿಮೆಯಾದರೂ ತಿರುವಿನಲ್ಲಿ ಪಕ್ಕಕ್ಕೆ ಉರುಳುತ್ತದೆ.

ಟ್ರಾಕ್ಟರಿಗೆ ಎಡ ಬಲ ಎರಡು ಬ್ರೇಕು ಪೆಡಲುಗಳಿರುತ್ತವೆ. ಹೊಲದಲ್ಲಿ ತಿರುಗಲು ಅವನ್ನು ಬೇರೆ ಬೇರೆ ಒತ್ತುತ್ತೇವೆ. ದಾರಿಗೆ ಬಂದೊಡನೆ ಎರಡನ್ನೂ ಕೀಲಿಸಿ ಕೂಡಿಸಬೇಕು. ಒಂದೇ ಗಾಲಿಗೆ ಬ್ರೇಕು ಬಿದ್ದರೆ ಗಾಡಿ ಅಡ್ಡ ತಿರುಗುವುದು ಖಂಡಿತ. ಯಾವ ಗೇರಿನಲ್ಲಿ ಏರು ಹತ್ತುವಿರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲ್ ಮಾಡಿ ಬಿಡಬೇಡಿರಿ. ಆಗ ಇಂಜಿನಿನ ತಡೆಯೂ ಹೋಗುತ್ತದೆ. ನಿಲ್ಲಿಸಿದಾಗ ಟ್ರಾಲಿಯ ಗಾಲಿಗೆ ಕಲ್ಲು ಕೊಡಿರಿ, ಹೊರಡುವಾಗ ಆ ಕಲ್ಲನ್ನು ದಾರಿಯಲ್ಲಿ ಬಿಟ್ಟುಹೋಗಬೇಡಿರಿ. ಮಖ್ತಲ್ ಮೂಲಕ ರಾಯಚೂರಿಗೆ ಹೋಗುವ 167ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಲಾರಿ, ಕಾರುಗಳು ವೇಗವಾಗಿ ಬರುತ್ತವೆ. ಟ್ರಾಲಿಯ ಹಿಂದೆ ಕೆಂಪು ದೀಪ, ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಇರದೆ ಕತ್ತಲಲ್ಲಿ ಆ ದಾರಿಗೆ ಹೋಗಬಾರದು.

ಏಳನೆಯ ಮಾತು: ಟ್ರಾಲಿಯಲ್ಲಿ ಜನ

ಕುರುಮೂರ್ತಿ ಜಾತ್ರೆ ಬಂದಾಗ, ಮದುವೆ ಬಂದಾಗ, ಕಳೆ ತೆಗೆಯಲು ಹತ್ತಿ ಬಿಡಿಸಲು ಕೂಲಿಯವರನ್ನು ಕರೆತರುವಾಗ ಟ್ರಾಲಿಯಲ್ಲಿ ಜನರನ್ನು ತುಂಬುವುದು ನಮ್ಮಲ್ಲಿ ರೂಢಿಯಾಗಿದೆ. ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋದ ಹಿರಿಯರ ಪದ್ಧತಿ ಇದೇ ಅಲ್ಲವೆ ಎಂದು ಕೆಲವರು ಕೇಳುತ್ತಾರೆ. ಎತ್ತಿನ ಬಂಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುತ್ತಿತ್ತು. ಉರುಳುವ ಮೊದಲು ಹಾರಿಕೊಳ್ಳಲು ಬರುತ್ತಿತ್ತು. ಟ್ರಾಲಿಯಲ್ಲಿ ಹಾಗಲ್ಲ.

2018ರ ಏಪ್ರಿಲ್ 6ರಂದು ನಮ್ಮದೇ ತೆಲಂಗಾಣದ ನಲ್ಗೊಂಡ ಜಿಲ್ಲೆಯ ಪಿ.ಎ.ಪಲ್ಲಿ ಮಂಡಲದಲ್ಲಿ ಕೂಲಿಯವರನ್ನು ಒಯ್ಯುತ್ತಿದ್ದ ಟ್ರಾಕ್ಟರು ಕಾಲುವೆಗೆ ಬಿದ್ದು 9 ಮಂದಿ ಹೆಣ್ಣುಮಕ್ಕಳು ತೀರಿಕೊಂಡರು. ಅದೇ ವರ್ಷ ಜೂನ್ 24ರಂದು ಯಾದಾದ್ರಿ ಭುವನಗಿರಿ ಜಿಲ್ಲೆಯ ವೇಮುಲಕೊಂಡ ಬಳಿ ಮೂಸಿ ಕಾಲುವೆಗೆ ಟ್ರಾಕ್ಟರು ಉರುಳಿ 15 ಮಂದಿ ಹೋದರು. ಹೆಚ್ಚಿನವರು ಹೊಲದ ಕೆಲಸಕ್ಕೆ ಹೊರಟ ಹೆಂಗಸರು. 2022ರ ಅಕ್ಟೋಬರ್ 1ರಂದು ಉತ್ತರಪ್ರದೇಶದ ಕಾನ್ಪುರದ ಬಳಿ ದೇವಸ್ಥಾನದಿಂದ ಊರಿಗೆ ಮರಳುತ್ತಿದ್ದ ಟ್ರಾಲಿ ಹೊಂಡಕ್ಕೆ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಮಕ್ಕಳು ಸತ್ತರು. ಎರಡಡಿ ನೀರಿದ್ದರೂ ಸಾಕು. ಮಗುಚಿದ ಟ್ರಾಲಿ ಮುಚ್ಚಳದಂತೆ ಮೇಲೆ ಬೀಳುತ್ತದೆ, ಕೆಳಗಿದ್ದವರು ಏಳಲಾರರು.

ನಮ್ಮ ಸೀಮೆಯಲ್ಲಿಯೂ ಈಗ ಜೂರಾಲದ ಎಡ ಬಲ ಕಾಲುವೆಗಳಿವೆ, ಭೀಮಾ ಮತ್ತು ನೆಟ್ಟೆಂಪಾಡು ಏತ ನೀರಾವರಿಯ ಕಾಲುವೆಗಳಿವೆ. ನೀರು ಬಂದದ್ದು ಭಾಗ್ಯ. ಆದರೆ ಹೊಲಕ್ಕೆ ಹೋಗುವ ಎಷ್ಟೋ ದಾರಿಗಳು ಆ ಕಾಲುವೆಯ ಕಟ್ಟೆಯ ಮೇಲೆಯೇ ಇವೆ. ಟ್ರಾಲಿ ಮಾಲಿನ ಗಾಡಿ. ಅದರಲ್ಲಿ ಜನರನ್ನು ಕೂಡಿಸುವುದಕ್ಕೆ ಕಾನೂನು ಒಪ್ಪುವುದಿಲ್ಲ. ಅಪಘಾತವಾದರೆ ವಿಮೆಯವರು ಹೊಣೆ ಒಪ್ಪದೆ ತಕರಾರು ತೆಗೆಯುವುದುಂಟು. ಆಗ ಸತ್ತವರ ಮನೆಯವರೂ ಬೀದಿಗೆ, ಟ್ರಾಕ್ಟರಿನ ಒಡೆಯನ ಹೊಲವೂ ಬೀದಿಗೆ. ಕೂಲಿಯವರನ್ನು ಕರೆತರಲು ಆಟೋ ಮಾಡಿಕೊಡಿರಿ, ಅದರಲ್ಲಿಯೂ ಕೂಡಬೇಕಾದಷ್ಟೇ ಜನ ಇರಲಿ. ಜಾತ್ರೆಗೆ ಬಸ್ಸು ಹಿಡಿಯಿರಿ. ಟ್ರಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂಡಿಸುವ ಮುದ್ದು ಬೇಡವೇ ಬೇಡ.

ಮನೆಯ ಲೆಕ್ಕ

ಓದುಗರು ಪಾಠ ತಿಳಿಯಿತೇ ಎಂದು ನೋಡಿಕೊಳ್ಳಲು ಈ ಮೂರು ಲೆಕ್ಕಗಳನ್ನು ಮಾಡಲಿ.

1. ಟ್ರಾಕ್ಟರು 1,800 ಕಿಲೋ, ಖಾಲಿ ಟ್ರಾಲಿ 1,050 ಕಿಲೋ, ಟ್ರಾಲಿಗೆ ಬ್ರೇಕಿಲ್ಲ. 75 ಕಿಲೋದ ಎಷ್ಟು ಚೀಲ ಹಾಕಬಹುದು?

2. ಒಟ್ಟು 3,000 ಕಿಲೋದ ಟ್ರಾಲಿಯನ್ನು ಬಂಡಿದಾರಿಯಲ್ಲಿ ಇಪ್ಪತ್ತಕ್ಕೆ ಒಂದರ ಏರು ಹತ್ತಿಸಲು ಟ್ರಾಲಿಗೆ ಎಷ್ಟು ಕಿಲೋ ಎಳೆತ ಬೇಕು?

3. ಗಂಟೆಗೆ 10 ಕಿಲೋಮೀಟರಿನಲ್ಲಿ ಬ್ರೇಕು ಒತ್ತಿದಾಗ 3 ಮೀಟರಿನಲ್ಲಿ ನಿಲ್ಲುವ ಗಾಡಿ 30 ಕಿಲೋಮೀಟರಿನಲ್ಲಿ ಎಷ್ಟು ದೂರ ಹೋಗಿ ನಿಲ್ಲುತ್ತದೆ?

ಉತ್ತರಗಳು: ಮೊದಲನೆಯದಕ್ಕೆ 22 ಚೀಲ. ಎರಡನೆಯದಕ್ಕೆ 150 ಮತ್ತು 150 ಕೂಡಿ 300 ಕಿಲೋ. ಮೂರನೆಯದಕ್ಕೆ 27 ಮೀಟರು. ಮೊದಲನೆಯದಕ್ಕೆ 22 ಬರದೆ ಯಾರಿಗಾದರೂ 36 ಬಂದಿದ್ದರೆ ಅವರು ಖಾಲಿ ಟ್ರಾಲಿಯ ತೂಕ ಕಳೆಯುವುದನ್ನು ಬಿಟ್ಟಿದ್ದಾರೆ. ಕಣದಲ್ಲಿ ಚೀಲ ಏರಿಸುವಾಗ ಆಗುವ ತಪ್ಪೂ ಅದೇ.